ಪ್ರಮಾಣಪತ್ರಕ್ಕೂ ಫೀಡ್‌ಬ್ಯಾಕ್ ಫಾರಂಗೂ ಗಂಟು ಹಾಕಬೇಡಿ

ಮಾನ್ಯ ಸಂಪಾದಕರೇ,

ನಾನು ಗ್ರಂಥಪಾಲಕಿ. ಹದಿನಾರು ವರ್ಷಗಳಿಂದ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನಾ ಕೌಶಲಗಳ ಕಾರ್ಯಾಗಾರ ನಡೆಸುತ್ತಿದ್ದೇನೆ. ಸಾಮಾನ್ಯವಾಗಿ ಎರಡು ದಿನ. ವಿಷಯವನ್ನು ಪ್ರಶ್ನೆಯಾಗಿ ಮಾಡಿಕೊಳ್ಳುವುದು ಹೇಗೆ, ಡೇಟಾಬೇಸ್‌ನಲ್ಲಿ ಲೇಖನ ಹುಡುಕುವುದು ಹೇಗೆ, ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕು, ಓದಿದ್ದನ್ನು ಹೇಗೆ ಉಲ್ಲೇಖಿಸಬೇಕು. ಇಷ್ಟು ನನ್ನ ಪಾಠ. ಇಂಥ ಕಾರ್ಯಾಗಾರ ಏರ್ಪಡಿಸುವವರಿಗೂ ನಡೆಸುವವರಿಗೂ ಒಂದು ಮಾತು ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಎರಡನೇ ದಿನ ಸಂಜೆ ಬಾಗಿಲ ಹತ್ತಿರ ಒಂದು ಮೇಜು ಹಾಕಿರುತ್ತಾರೆ. ತುಂಬಿದ ಫೀಡ್‌ಬ್ಯಾಕ್ ಫಾರಂ ಕೊಟ್ಟರೆ ಪ್ರಮಾಣಪತ್ರ ಕೈಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಎಲ್ಲರಿಗೂ ಮನೆಗೆ ಹೋಗುವ ಆತುರ. ಪಾಠ ಮಾಡಿದವರು ಪಕ್ಕದಲ್ಲೇ ನಿಂತಿರುತ್ತಾರೆ. ಫಾರಂನಲ್ಲಿ ಹನ್ನೆರಡು ಸಾಲು, ಸಾಲಿಗೆ ಐದು ಚೌಕ. ಪೆನ್ನು ಮೇಲಿಂದ ಕೆಳಕ್ಕೆ ಸರಸರನೆ ಇಳಿಯುತ್ತದೆ. ಅತ್ಯುತ್ತಮ, ಅತ್ಯುತ್ತಮ, ಅತ್ಯುತ್ತಮ. ಸಲಹೆ ಬರೆಯುವ ಜಾಗದಲ್ಲಿ 'ಸಮಯ ಸಾಲಲಿಲ್ಲ' ಅಂತ ಎರಡು ಪದ. ಆ ಕಟ್ಟು ಫೈಲಿಗೆ ಸೇರುತ್ತದೆ, ವರದಿ ಮುಗಿಯುತ್ತದೆ.

ನಾನೂ ವರ್ಷಗಟ್ಟಲೆ ಹೀಗೆಯೇ ಮಾಡಿದೆ. ಆ ಕಾಗದಗಳನ್ನು ನಂಬಿಯೂ ಇದ್ದೆ. ನಂಬಿಕೆ ಕದಲಿದ್ದು ಒಬ್ಬ ಹುಡುಗನಿಂದ. ಕಾರ್ಯಾಗಾರ ಮುಗಿದು ಮೂರು ವಾರಕ್ಕೆ ಗ್ರಂಥಾಲಯಕ್ಕೆ ಬಂದ. ಮುಖ ಅರಳಿತ್ತು. 'ಮೇಡಂ, ನನ್ನ ವಿಷಯದ ಮೇಲೆ ಇದುವರೆಗೆ ಯಾರೂ ಕೆಲಸ ಮಾಡಿಲ್ಲ, ಹುಡುಕಿ ನೋಡಿದೆ' ಅಂದ. ಅವನ ವಿಷಯ ಹದಿಹರೆಯದವರ ನಿದ್ದೆ ಮತ್ತು ಮೊಬೈಲ್ ಬಳಕೆ. ಲೇಖನಗಳಿಗೆ ಬರವೇ ಇಲ್ಲದ ವಿಷಯ ಅದು. ತೋರಿಸು ಅಂದೆ. ಪ್ರಬಂಧದ ಇಡೀ ಶೀರ್ಷಿಕೆಯನ್ನು, ಹದಿನಾಲ್ಕು ಪದಗಳನ್ನು, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದ್ದ. ಹಾಗೆ ಹಾಕಿದರೆ ಆ ಹದಿನಾಲ್ಕು ಪದಗಳು ಅದೇ ಕ್ರಮದಲ್ಲಿ ಇರುವ ಬರಹವನ್ನು ಮಾತ್ರ ಕಂಪ್ಯೂಟರ್ ಹುಡುಕುತ್ತದೆ. ಸೊನ್ನೆ ಬಂದಿತ್ತು. ಆ ಸೊನ್ನೆಯ ಮೇಲೆ ಅವನು ಮೂರು ವರ್ಷದ ಕೆಲಸ ಕಟ್ಟಲು ಹೊರಟಿದ್ದ.

ಅವನು ಹೋದ ಮೇಲೆ ಫೈಲು ತೆಗೆದು ಅವನ ಫಾರಂ ಹುಡುಕಿದೆ. ಎಲ್ಲದಕ್ಕೂ ಐದಕ್ಕೆ ಐದು. ಅವನು ಸುಳ್ಳು ಬರೆದಿರಲಿಲ್ಲ. ತನಗೆ ಅರ್ಥವಾಗಿದೆ ಅಂತಲೇ ಅವನು ತಿಳಿದಿದ್ದ. ತಪ್ಪು ಇದ್ದದ್ದು ನಾನು ಪ್ರಶ್ನೆ ಕೇಳಿದ ರೀತಿಯಲ್ಲಿ. ತರಬೇತಿಯನ್ನು ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದರು. ಬಂದವರಿಗೆ ಹಿಡಿಸಿತೇ, ಅವರು ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಬಂತೇ. ನಮ್ಮ ಫಾರಂ ಮೊದಲನೇ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. ಆ ಮೆಟ್ಟಿಲನ್ನೂ ಸರಿಯಾಗಿ ಹತ್ತುವುದಿಲ್ಲ, ಯಾಕೆಂದರೆ ಪ್ರಮಾಣಪತ್ರ ಅದಕ್ಕೆ ಅಂಟಿಕೊಂಡಿದೆ.

ಮುಂದಿನ ಕಾರ್ಯಾಗಾರದಲ್ಲಿ ಫಾರಂ ಜೊತೆಗೆ ಚೀಟಿ ಶುರು ಮಾಡಿದೆ. ಮೊದಲ ದಿನದ ಮಧ್ಯಾಹ್ನ, ಬಿಡುವಿಗೆ ಮೂರು ನಿಮಿಷ ಮುಂಚೆ, ಒಬ್ಬೊಬ್ಬರಿಗೂ ಅಂಗೈ ಅಗಲದ ಕಾಗದ. ಹೆಸರು ಬೇಡ. ಒಂದೇ ಪ್ರಶ್ನೆ: 'ಬೆಳಗಿನಿಂದ ಕೇಳಿದ್ದರಲ್ಲಿ ನಿಮಗೆ ತುಂಬ ಮಸುಕಾಗಿ ಉಳಿದಿರುವುದು ಯಾವುದು?' ಇದು ನಾನು ಕಂಡುಹಿಡಿದ ಉಪಾಯವಲ್ಲ. ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡ್ರಿಕ್ ಮೊಸ್ಟೆಲರ್ ತಮ್ಮ ತರಗತಿಯಲ್ಲಿ ಹೀಗೆ ಕೇಳುತ್ತಿದ್ದರು, 1989ರಲ್ಲಿ ಅದರ ಬಗ್ಗೆ ಬರೆದರು. ಚೀಟಿ ಹಾಕುವ ಡಬ್ಬಿಯನ್ನು ಹಿಂದಿನ ಬೆಂಚಿನ ಮೇಲಿಟ್ಟು ನಾನು ಹೊರಗೆ ಹೋದೆ. ನಾನು ಅಲ್ಲಿಲ್ಲದಿರುವುದು ಮುಖ್ಯ ಅಂತ ಈಗಲೂ ಅನ್ನಿಸುತ್ತದೆ.

ಅವತ್ತು ಮೂವತ್ತೊಂದು ಚೀಟಿ ಬಂದವು. ಹದಿನೇಳರಲ್ಲಿ ಒಂದೇ ವಿಷಯ. ಹುಡುಕುವ ಪದಗಳ ನಡುವೆ 'ಆಂಡ್' (ಮತ್ತು) ಹಾಕಿದರೆ ಫಲಿತಾಂಶ ಯಾಕೆ ಕಡಿಮೆಯಾಗುತ್ತದೆ, 'ಆರ್' (ಅಥವಾ) ಹಾಕಿದರೆ ಯಾಕೆ ಜಾಸ್ತಿಯಾಗುತ್ತದೆ, ತಿಳಿಯಲಿಲ್ಲ. ಓದಿ ಸುಮ್ಮನೆ ಕುಳಿತೆ. ಆ ಭಾಗ ನನಗೆ ತೀರಾ ಸುಲಭ ಅನ್ನಿಸಿ ಐದೇ ನಿಮಿಷದಲ್ಲಿ ದಾಟಿಸುತ್ತಿದ್ದೆ. ಎರಡು ವೃತ್ತ ಬರೆದು, ಅವು ಕೂಡುವ ಜಾಗಕ್ಕೆ ಬಣ್ಣ ತುಂಬಿ, ಮುಂದಿನ ಸ್ಲೈಡ್.

ಅವರ ಗೊಂದಲ ಎಷ್ಟು ಸಹಜವಾದದ್ದು ನೋಡಿ. ನಮ್ಮ ಮಾತಿನಲ್ಲಿ 'ಮತ್ತು' ಅಂದರೆ ಕೂಡಿಸುವುದು. ಅಕ್ಕ ಮತ್ತು ತಂಗಿ ಬರಲಿ ಅಂದರೆ ಇಬ್ಬರು ಬರುತ್ತಾರೆ. ಅಕ್ಕ ಅಥವಾ ತಂಗಿ ಬರಲಿ ಅಂದರೆ ಒಬ್ಬರೇ. ಹಾಗಾದರೆ 'ಮತ್ತು' ಹಾಕಿದಾಗ ಜಾಸ್ತಿ ಸಿಗಬೇಕು, 'ಅಥವಾ' ಹಾಕಿದಾಗ ಕಡಿಮೆ ಸಿಗಬೇಕು, ಅಲ್ವಾ? ಡೇಟಾಬೇಸ್ ಮಾತ್ರ ಜಾರ್ಜ್ ಬೂಲ್ 19ನೇ ಶತಮಾನದಲ್ಲಿ ಕಟ್ಟಿದ ತರ್ಕದಂತೆ ನಡೆಯುತ್ತದೆ. ಅಲ್ಲಿ 'ಮತ್ತು' ಅಂದರೆ ಎರಡೂ ಷರತ್ತು ಪೂರೈಸಿದ ಲೇಖನ ಮಾತ್ರ, 'ಅಥವಾ' ಅಂದರೆ ಒಂದನ್ನು ಪೂರೈಸಿದರೂ ಸಾಕು. ಮನೆಮಾತಿನ ಅರ್ಥ ಅವರಿಗೆ ಅಡ್ಡ ಬರುತ್ತಿತ್ತು. ಹದಿನಾರು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನದ ಮೊದಲ ಪಾಠ ಬದಿಗಿಟ್ಟೆ. 'ಕನ್ನಡಕ ಹಾಕಿದವರು ಎದ್ದು ನಿಲ್ಲಿ' ಅಂದೆ. ಹನ್ನೊಂದು ಜನ ನಿಂತರು. 'ಕನ್ನಡಕ ಮತ್ತು ನೀಲಿ ಬಟ್ಟೆ, ಎರಡೂ ಇರುವವರು ಮಾತ್ರ ನಿಂತಿರಿ.' ಮೂವರು ಉಳಿದರು. 'ಈಗ ಕನ್ನಡಕ ಅಥವಾ ನೀಲಿ ಬಟ್ಟೆ, ಯಾವುದಿದ್ದರೂ ಸರಿ.' ಅರ್ಧಕ್ಕಿಂತ ಹೆಚ್ಚು ಕೋಣೆ ಎದ್ದು ನಿಂತಿತು. ಹಿಂದಿನ ಸಾಲಿನಿಂದ 'ಓ' ಅಂತ ಒಂದು ದನಿ ಬಂತು. ಆ 'ಓ' ನನಗೆ ಯಾವ ಐದು ಅಂಕಕ್ಕಿಂತಲೂ ದೊಡ್ಡದು. ಆ ವೃತ್ತಗಳ ಸ್ಲೈಡ್ ಈಗ ಇದಾದ ಮೇಲೆ ಬರುತ್ತದೆ.

ಇನ್ನೊಂದು ಸಂಗತಿ ಗಮನಿಸಿದೆ. 'ನಿಮ್ಮ ಚೀಟಿಗಳಲ್ಲಿ ಹೀಗೆ ಬಂದಿದೆ, ಅದಕ್ಕೆ ಇದನ್ನು ಮತ್ತೆ ಮಾಡುತ್ತಿದ್ದೇನೆ' ಅಂತ ಎಲ್ಲರ ಎದುರು ಹೇಳಿದ ಮೇಲೆ ಸಂಜೆಯ ಚೀಟಿಗಳ ಬಣ್ಣವೇ ಬದಲಾಯಿತು. ಮಧ್ಯಾಹ್ನ ಒಂದು ಸಾಲು ಬರೆದವರು ಸಂಜೆ ಪೂರ್ತಿ ಚೀಟಿ ತುಂಬಿಸಿದ್ದರು. 'ನೀವು ಪರದೆ ನೋಡುತ್ತಾ ಮಾತಾಡುತ್ತೀರಿ, ನಮಗೆ ಕೇಳುವುದಿಲ್ಲ' ಅಂತ ಒಬ್ಬರು ಬರೆದಿದ್ದರು. ಆ ಮಾತು ಕೊನೆಯ ದಿನದ ಫಾರಂನಲ್ಲಿ ಬಂದಿದ್ದರೆ ಅದನ್ನು ಬರೆದವರಿಗೆ ಏನು ಉಪಯೋಗವಿತ್ತು? ಅವರು ಆಗಲೇ ಮನೆ ಸೇರಿರುತ್ತಿದ್ದರು.

ಕೇಳಿಸಿಕೊಂಡದ್ದನ್ನು ಏನು ಮಾಡಬೇಕು ಅನ್ನುವುದು ಬೇರೆಯೇ ಕೆಲಸ. ನಾವು ಅದಕ್ಕೆ ಸ್ವಾವಲೋಕನ ಅನ್ನುತ್ತೇವೆ. ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಅದರಲ್ಲಿ ಎರಡು ಬಗೆ ತೋರಿಸಿದರು. ಒಂದು, ಕೆಲಸ ನಡೆಯುತ್ತಿರುವಾಗಲೇ ಯೋಚಿಸಿ ದಾರಿ ಬದಲಿಸುವುದು. ಇನ್ನೊಂದು, ಮುಗಿದ ಮೇಲೆ ಕುಳಿತು ಯೋಚಿಸುವುದು. ಐದು ವರ್ಷದ ನಂತರ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ ಅದಕ್ಕೆ ಆರು ಹಂತ ಕೊಟ್ಟರು: ಏನಾಯಿತು, ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಕೆಟ್ಟಿತು, ಯಾಕೆ, ಇನ್ನೇನು ಮಾಡಬಹುದಿತ್ತು, ಮುಂದೆ ಏನು ಮಾಡುತ್ತೇನೆ. ಆರನ್ನೂ ಬರೆಯಲು ಹೋಗಿ ನಾನು ಎರಡು ಸಲಕ್ಕೆ ಸುಸ್ತಾದೆ. ಈಗ ಮೂರೇ ಸಾಲು ಬರೆಯುತ್ತೇನೆ, ಆದರೆ ಕೋಣೆ ಖಾಲಿಯಾದ ಒಂದು ಗಂಟೆಯೊಳಗೆ. ಏನಾಯಿತು, ಯಾಕೆ, ಮುಂದಿನ ಸಲ ಏನು. ಮರುದಿನ ಬರೆದರೆ ನೆನಪು ತನಗೆ ಬೇಕಾದ ಹಾಗೆ ಬದಲಾಗಿರುತ್ತದೆ.

ಬರೀ ಸ್ವಾವಲೋಕನವನ್ನೇ ನೆಚ್ಚಿಕೊಂಡರೂ ಮೋಸ ಹೋಗುತ್ತೇವೆ. ನನ್ನ ಟಿಪ್ಪಣಿ ಪುಸ್ತಕದ ಹಳೆಯ ಪುಟಗಳಲ್ಲಿ ಮತ್ತೆ ಮತ್ತೆ ಒಂದು ವಾಕ್ಯ ಬರುತ್ತದೆ: 'ಪ್ರಶ್ನೆ ಕೇಳಿದರೆ ಯಾರೂ ಉತ್ತರಿಸುವುದಿಲ್ಲ, ಮಕ್ಕಳಿಗೆ ಆಸಕ್ತಿ ಇಲ್ಲ.' ಪ್ರಾಮಾಣಿಕವಾಗಿಯೇ ಬರೆದಿದ್ದೆ. ಒಮ್ಮೆ ಸಹೋದ್ಯೋಗಿಯೊಬ್ಬರನ್ನು ಹಿಂದೆ ಕೂರಿಸಿಕೊಂಡೆ. ಅವರು ಗಡಿಯಾರ ನೋಡಿಕೊಂಡು ಗುರುತು ಹಾಕಿದರು. ನಾನು ಕೇಳಿದ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಹತ್ತೊಂಬತ್ತಕ್ಕೆ ಎರಡು ಸೆಕೆಂಡಿನೊಳಗೆ ನಾನೇ ಉತ್ತರ ಹೇಳಿದ್ದೆ! ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ತೋರಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ. 3 ಸೆಕೆಂಡಿಗಿಂತ ಜಾಸ್ತಿ ಕಾದರೆ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸದೆ ಕೂರುವುದು ಕಡಿಮೆಯಾಗುತ್ತದೆ. ಈಗ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಆ ಐದು ಎಣಿಕೆ ನಿಜಕ್ಕೂ ಕಷ್ಟ. ಆದರೆ ನಾಲ್ಕರ ಹೊತ್ತಿಗೆ ಯಾರಾದರೂ ಬಾಯಿ ತೆರೆಯುತ್ತಾರೆ. ನನ್ನ ಪುಸ್ತಕ ಒಂದನ್ನೇ ನಂಬಿದ್ದರೆ ಇಂದಿಗೂ ಮಕ್ಕಳನ್ನೇ ದೂರುತ್ತಿದ್ದೆ.

ಕೊನೆಗೆ, ನಾವು ಅವರಿಗೆ ಕೊಡುವ ಫೀಡ್‌ಬ್ಯಾಕ್. ಇದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ತನ್ನ ಸಂಶೋಧನಾ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದಳು. 'ಇದು ಪ್ರಶ್ನೆಯೇ ಅಲ್ಲಮ್ಮ' ಅಂದುಬಿಟ್ಟೆ, ನಲವತ್ತು ಜನರ ಮುಂದೆ. ಬಿಡುವಿನ ನಂತರ ಅವಳ ಕುರ್ಚಿ ಖಾಲಿಯಿತ್ತು. ಮರುದಿನವೂ ಬರಲಿಲ್ಲ. ಅವಳ ಪ್ರಶ್ನೆಗೆ ಬೇಕಾಗಿದ್ದದ್ದು ಒಂದು ಕಾಲಮಿತಿ ಮತ್ತು ಯಾರನ್ನು ಕುರಿತು ಅನ್ನುವ ಒಂದು ಪದ. ಅಷ್ಟು ಹೇಳಿದ್ದರೆ ಸಾಕಿತ್ತು. ಸಂಶೋಧಕರಾದ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ 1996ರಲ್ಲಿ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟದ್ದರಿಂದ ಕೆಲಸ ಇನ್ನಷ್ಟು ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು ಆ ವ್ಯಕ್ತಿಯ ಮೇಲೆ ಹೋದಷ್ಟೂ ಫಲ ಕಡಿಮೆ ಅಂತ ಅವರು ಹೇಳಿದರು. ಅದನ್ನು ಓದಿದಾಗ ನನಗೆ ಆ ಖಾಲಿ ಕುರ್ಚಿ ನೆನಪಾಯಿತು. ಈಗ ಪ್ರಶ್ನೆಗಳನ್ನು ಮೊದಲು ಇಬ್ಬಿಬ್ಬರೇ ಕುಳಿತು ನೋಡುತ್ತಾರೆ. ನಾನು ಹತ್ತಿರ ಹೋಗಿ ಎರಡೇ ಮಾತು ಹೇಳುತ್ತೇನೆ. ಇದರಲ್ಲಿ ಆಗಲೇ ಏನಿದೆ, ಮುಂದಿನ ಒಂದು ಹೆಜ್ಜೆ ಯಾವುದು.

ಹಾಗಾಗಿ ಕಾರ್ಯಾಗಾರ ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಪ್ರಮಾಣಪತ್ರ ಹಾಜರಾತಿಗೆ ಕೊಡಿ, ಸಹಿ ಪುಸ್ತಕ ಇದ್ದೇ ಇರುತ್ತದಲ್ಲ. ಅಭಿಪ್ರಾಯವನ್ನು ನಡುವೆ ಕೇಳಿ, ಹೆಸರಿಲ್ಲದೆ ಕೇಳಿ. ಆರು ವಾರದ ನಂತರ ಮತ್ತೆ ಒಂದು ಸಾಲಿನ ಮೇಲ್ ಕಳಿಸಿ: 'ಕಲಿತದ್ದರಲ್ಲಿ ಯಾವುದನ್ನು ಬಳಸಿದಿರಿ, ಎಲ್ಲಿ ಸಿಕ್ಕಿಬಿದ್ದಿರಿ?' ಎಲ್ಲರೂ ಉತ್ತರಿಸುವುದಿಲ್ಲ. ನನಗೆ ಹತ್ತಕ್ಕೆ ಮೂವರು ಬರೆದರೆ ಹೆಚ್ಚು. ಆದರೆ ಆ ಮೂವರು ಬರೆಯುವುದು ಮುಂದಿನ ಕಾರ್ಯಾಗಾರದ ಅರ್ಧ ಪಾಠ. ವರದಿಯ ಜೊತೆ ಫಾರಂಗಳ ಕಟ್ಟು ಕೇಳುವ ಬದಲು, ನಡೆಸಿದವರಿಂದ ಅರ್ಧ ಪುಟ ಬರೆಸಿಕೊಳ್ಳಿ: ಶಿಬಿರಾರ್ಥಿಗಳು ಏನು ಹೇಳಿದರು, ಅದರಿಂದ ನಾನು ಏನು ಬದಲಿಸಿದೆ. ಬದಲಿಸಿದ್ದೇನೂ ಇಲ್ಲ ಅಂತಾದರೆ ಅದನ್ನೂ ಬರೆಯಲಿ.

ಕಾರ್ಯಾಗಾರಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ಒಂದು ಮಾತು. ಚೀಟಿ ಕೈಗೆ ಬಂದಾಗ 'ಎಲ್ಲಾ ಚೆನ್ನಾಗಿತ್ತು' ಅಂತ ಬರೆಯಬೇಡಿ. ತಿಳಿಯದ ಒಂದು ಪದ ಬರೆಯಿರಿ ಸಾಕು. ನಿಮ್ಮ ಪಕ್ಕದ ಹದಿನಾರು ಜನ ಅದೇ ಪದ ಬರೆಯುತ್ತಿರಬಹುದು.

ಮುಂದಿನ ತಿಂಗಳು ನನ್ನದೇ ಒಂದು ಕಾರ್ಯಾಗಾರ ಇದೆ. ಈ ಸಲ ಪ್ರಮಾಣಪತ್ರಗಳನ್ನು ಎರಡನೇ ದಿನ ಬೆಳಿಗ್ಗೆಯೇ ಅವರವರ ಮೇಜಿನ ಮೇಲೆ ಇಟ್ಟುಬಿಡಲು ಅನುಮತಿ ಕೇಳಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಇತಿ,
ಒಬ್ಬ ಗ್ರಂಥಪಾಲಕಿ