ಮಗುವನ್ನು ಇನ್ನೊಬ್ಬರ ಮನೆಗೆ ಕಳಿಸುವ ಮುಂಚೆ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರಿಗೆ,

ನಮಸ್ಕಾರ. ಬೇಸಿಗೆ ರಜೆ ಮುಗಿದು ನಮ್ಮ ಭಾನುವಾರದ ಕನ್ನಡ ತರಗತಿಗಳು ಮತ್ತೆ ಶುರುವಾಗಿವೆ. ವೇಳಾಪಟ್ಟಿ, ಪುಸ್ತಕ, ಹಬ್ಬದ ಕಾರ್ಯಕ್ರಮ, ಇದನ್ನೆಲ್ಲ ಆಯಾ ತರಗತಿಯ ಶಿಕ್ಷಕರು ತಿಳಿಸುತ್ತಾರೆ. ನಾನು ಈ ಪತ್ರ ಬರೆಯುತ್ತಿರುವುದು ಬಂದೂಕಿನ ವಿಷಯಕ್ಕೆ.

ಕನ್ನಡ ಕಲಿಸುವವರಿಗೆ ಇದೆಲ್ಲ ಯಾಕೆ ಅಂತ ಕೆಲವರಿಗೆ ಅನಿಸಬಹುದು. ನಮ್ಮ ಮಕ್ಕಳು ವಾರಕ್ಕೆ ಐದು ದಿನ ಅಮೆರಿಕದ ಈ ಮಿಷಿಗನ್ ರಾಜ್ಯದ ಶಾಲೆಗಳಲ್ಲಿ ಇರುತ್ತಾರೆ. ಅಲ್ಲಿ ವರ್ಷಕ್ಕೆ ಕನಿಷ್ಠ ಮೂರು ಸಲ ಲಾಕ್‌ಡೌನ್ ಡ್ರಿಲ್, ಅಂದರೆ ಬಂದೂಕು ಹಿಡಿದವರು ಶಾಲೆಗೆ ನುಗ್ಗಿದರೆ ಏನು ಮಾಡಬೇಕು ಅನ್ನುವ ಅಭ್ಯಾಸ, ಮಾಡಿಸಬೇಕು ಅಂತ ರಾಜ್ಯದ ಕಾನೂನೇ ಇದೆ. ಲೈಟ್ ಆರಿಸಿ, ಬಾಗಿಲು ಭದ್ರ ಮಾಡಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ನಮ್ಮ ಒಂದನೇ ತರಗತಿಯ ಮಕ್ಕಳೂ ಕಲಿತಿದ್ದಾರೆ. ನಾವು ಊರಲ್ಲಿ ಓದುವಾಗ ಇಂಥದ್ದು ಇರಲಿಲ್ಲ. ಹಾಗಾಗಿ ಮನೆಯಲ್ಲಿ ಈ ಮಾತು ಎತ್ತುವುದು ಹೇಗೆ ಅಂತ ನಮಗೆ ತೋಚುವುದಿಲ್ಲ. ಅಪ್ಪ ಅಮ್ಮ ಹೆದರಿಕೊಳ್ಳುತ್ತಾರೆ ಅಂತ ಮಕ್ಕಳು ಸುಮ್ಮನಿರುತ್ತಾರೆ. ಮಕ್ಕಳು ಹೆದರಿಕೊಳ್ಳುತ್ತಾರೆ ಅಂತ ನಾವೂ ಸುಮ್ಮನಿರುತ್ತೇವೆ.

ಆಕ್ಸ್‌ಫರ್ಡ್ ನಮಗೆ ದೂರದ ಊರೇನಲ್ಲ. ನಮ್ಮಲ್ಲಿ ಎಷ್ಟೋ ಜನ ಇರುವ ಟ್ರಾಯ್, ನೋವೈ, ರಾಚೆಸ್ಟರ್ ಹಿಲ್ಸ್ ಇರುವ ಓಕ್ಲೆಂಡ್ ಕೌಂಟಿಯಲ್ಲೇ ಅದೂ ಇದೆ. 2021ರ ನವೆಂಬರ್ 30ರಂದು ಅಲ್ಲಿನ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗನೊಬ್ಬ ಗುಂಡು ಹಾರಿಸಿದ. ನಾಲ್ಕು ವಿದ್ಯಾರ್ಥಿಗಳು ತೀರಿಕೊಂಡರು, ಏಳು ಜನ ಗಾಯಗೊಂಡರು. ಸುದ್ದಿ ನಿಮಗೆಲ್ಲ ಗೊತ್ತು. ಆದರೆ ಅದರ ಹಿಂದಿನ ನಾಲ್ಕು ದಿನ ಏನೇನಾಯಿತು ಅನ್ನುವುದನ್ನು ಪ್ರತಿಯೊಬ್ಬ ತಂದೆ ತಾಯಿ ತಿಳಿದುಕೊಳ್ಳಬೇಕು ಅಂತ ನನಗೆ ಅನಿಸುತ್ತದೆ.

ಆ ಪಿಸ್ತೂಲನ್ನು ಅಪ್ಪ ಕೊಂಡಿದ್ದು ನವೆಂಬರ್ 26ರಂದು, ಥ್ಯಾಂಕ್ಸ್‌ಗಿವಿಂಗ್ ಮಾರನೆಯ ದಿನ. ಘಟನೆಯ ಹಿಂದಿನ ದಿನ ಹುಡುಗ ತರಗತಿಯಲ್ಲಿ ಕೂತು ಫೋನಿನಲ್ಲಿ ಗುಂಡುಗಳನ್ನು ಹುಡುಕುತ್ತಿದ್ದುದು ಶಿಕ್ಷಕಿಯ ಕಣ್ಣಿಗೆ ಬಿತ್ತು. ಶಾಲೆಯವರು ತಾಯಿಗೆ ಫೋನ್ ಮಾಡಿದರು. ತಾಯಿ ಶಾಲೆಗೆ ಉತ್ತರ ಕೊಡಲಿಲ್ಲ. ಮಗನಿಗೆ ಮಾತ್ರ, ನನಗೇನೂ ಕೋಪ ಇಲ್ಲ, ಸಿಕ್ಕಿಬೀಳದ ಹಾಗೆ ಇರುವುದನ್ನು ಕಲಿ ಅಂತ ಮೆಸೇಜ್ ಕಳಿಸಿದರು. ಮರುದಿನ ಬೆಳಿಗ್ಗೆ ಅವನ ಗಣಿತದ ಹಾಳೆಯ ಮೇಲೆ ಬಂದೂಕಿನ ಚಿತ್ರ, ರಕ್ತ ಸುರಿಯುತ್ತಿರುವ ಮನುಷ್ಯನ ಚಿತ್ರ ಇತ್ತು. ಯೋಚನೆಗಳು ನಿಲ್ಲುತ್ತಿಲ್ಲ, ನನಗೆ ಸಹಾಯ ಮಾಡಿ ಅಂತ ಬರೆದಿದ್ದ. ಅಪ್ಪ ಅಮ್ಮ ಇಬ್ಬರನ್ನೂ ಶಾಲೆಗೆ ಕರೆಸಿ ಮಾತಾಡಿದರು. ಅವರು ಮಗನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ. ಮನೆಗೆ ಹೊಸ ಪಿಸ್ತೂಲ್ ಬಂದಿದೆ ಅಂತಲೂ ಬಾಯಿ ಬಿಡಲಿಲ್ಲ. ಶಾಲೆಯವರು ಅವನ ಬ್ಯಾಗ್ ನೋಡಲಿಲ್ಲ. ಪಿಸ್ತೂಲ್ ಆ ಬ್ಯಾಗಿನಲ್ಲೇ ಇತ್ತು.

ಆ ಹುಡುಗ ಸಹಾಯ ಕೇಳಿದ್ದ. ಬರೆದು ಕೇಳಿದ್ದ. ಶಿಕ್ಷಕಿಯಾಗಿ ನನಗೆ ಇದನ್ನು ಅರಗಿಸಿಕೊಳ್ಳಲು ಇವತ್ತಿಗೂ ಆಗುವುದಿಲ್ಲ.

ಪಿಸ್ತೂಲಿಗೆ ಹಾಕುವ ಕೇಬಲ್ ಲಾಕ್ ಪ್ಯಾಕೆಟ್ ಕೂಡ ಬಿಚ್ಚದೆ ಮನೆಯಲ್ಲಿ ಬಿದ್ದಿತ್ತು ಅಂತ ವಿಚಾರಣೆಯಲ್ಲಿ ಹೊರಗೆ ಬಂತು. 2024ರಲ್ಲಿ, ಫೆಬ್ರವರಿಯಲ್ಲಿ ತಾಯಿ, ಮಾರ್ಚ್‌ನಲ್ಲಿ ತಂದೆ, ಇಬ್ಬರೂ ಅಪರಾಧಿಗಳೆಂದು ಜ್ಯೂರಿ ತೀರ್ಪು ಕೊಟ್ಟಿತು. ಇಬ್ಬರಿಗೂ ತಲಾ 10ರಿಂದ 15 ವರ್ಷ ಜೈಲು. ಶಾಲೆಯಲ್ಲಿ ಮಗ ನಡೆಸಿದ ಇಂಥ ಹತ್ಯೆಗೆ ತಂದೆ ತಾಯಿಯನ್ನು ನರಹತ್ಯೆಯ ಹೊಣೆಗಾರರನ್ನಾಗಿ ಮಾಡಿದ್ದು ಈ ದೇಶದಲ್ಲಿ ಅದೇ ಮೊದಲು. ಹುಡುಗನಿಗೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ.

2023ರ ಫೆಬ್ರವರಿ 13ರ ರಾತ್ರಿ ಈಸ್ಟ್ ಲ್ಯಾನ್ಸಿಂಗ್‌ನ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಗುಂಡಿನ ದಾಳಿ ಆಯಿತು. ಮೂವರು ವಿದ್ಯಾರ್ಥಿಗಳ ಪ್ರಾಣ ಹೋಯಿತು. ನಮ್ಮ ಸ್ನೇಹಿತರ ಮಕ್ಕಳು ಎಷ್ಟೋ ಜನ ಅಲ್ಲಿ ಓದುತ್ತಾರೆ. ಅದಾದ ಮೇಲೆ ರಾಜ್ಯ ಸರ್ಕಾರ ಕೆಲವು ಹೊಸ ಕಾನೂನು ಮಾಡಿತು. ಸರಿಯಾಗಿ ಒಂದು ವರ್ಷಕ್ಕೆ, 2024ರ ಫೆಬ್ರವರಿ 13ರಿಂದ, ಅವು ಜಾರಿಯಲ್ಲಿವೆ. ನಮ್ಮವರಲ್ಲಿ ಬಹಳ ಜನರಿಗೆ ಇದು ಗೊತ್ತೇ ಇಲ್ಲ.

ಮುಖ್ಯವಾದದ್ದು ಬಂದೂಕನ್ನು ಇಡುವ ಬಗೆಗಿನ ಕಾನೂನು. 18 ವರ್ಷದೊಳಗಿನವರು ಇರುವ, ಇಲ್ಲವೇ ಬರುವ ಸಾಧ್ಯತೆ ಇರುವ ಜಾಗದಲ್ಲಿ ಬಂದೂಕನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ಗುಂಡು ತೆಗೆದು ಲಾಕ್ ಹಾಕಿ ಇಡಬೇಕು, ಅಥವಾ ಬೀಗ ಹಾಕಿದ ಪೆಟ್ಟಿಗೆಯೊಳಗೆ ಇಡಬೇಕು. ಹಾಗೆ ಮಾಡದೆ ಅದು ಮಗುವಿನ ಕೈಗೆ ಸಿಕ್ಕಿ ಅನಾಹುತ ಆದರೆ ಇಟ್ಟವರಿಗೆ ಶಿಕ್ಷೆ. ಯಾರದಾದರೂ ಪ್ರಾಣ ಹೋದರೆ 15 ವರ್ಷದವರೆಗೆ ಜೈಲು ಆಗಬಹುದು. ಬರುವ ಸಾಧ್ಯತೆ ಅನ್ನುವುದನ್ನು ಗಮನಿಸಿ. ಸ್ವಂತ ಮಕ್ಕಳು ದೊಡ್ಡವರಾಗಿ ಕಾಲೇಜಿಗೆ ಹೋಗಿದ್ದಾರೆ ಅಂದುಕೊಂಡರೂ, ಗೌರಿ ಗಣೇಶಕ್ಕೆ ನಿಮ್ಮ ಮನೆಗೆ ಹತ್ತು ಸಂಸಾರ ಮಕ್ಕಳ ಸಮೇತ ಬರುತ್ತವೆ, ಅಲ್ವಾ? ದೊಡ್ಡವರು ಕೆಳಗೆ ಮಂಗಳಾರತಿಯಲ್ಲಿ ಇರುತ್ತಾರೆ. ಮಕ್ಕಳು ಮೇಲಿನ ಎಲ್ಲಾ ರೂಮುಗಳಲ್ಲೂ ಕಣ್ಣಾಮುಚ್ಚಾಲೆ ಆಡುತ್ತಾರೆ.

ಇನ್ನೊಂದು, ಎಲ್ಲರೂ ರೆಡ್ ಫ್ಲ್ಯಾಗ್ ಅಂತ ಕರೆಯುವ ಕಾನೂನು. ಒಬ್ಬ ವ್ಯಕ್ತಿ ತನಗೋ ಬೇರೆಯವರಿಗೋ ಅಪಾಯ ಮಾಡಬಹುದು ಅನ್ನಿಸಿದರೆ ಮನೆಯವರು, ಪೊಲೀಸರು ಅಥವಾ ಚಿಕಿತ್ಸೆ ಕೊಡುವವರು ಕೋರ್ಟಿಗೆ ಅರ್ಜಿ ಹಾಕಬಹುದು. ಕೋರ್ಟ್ ಒಪ್ಪಿದರೆ ಸ್ವಲ್ಪ ಕಾಲ ಅವರ ಬಳಿ ಬಂದೂಕು ಇರದಂತೆ ತಡೆಯುತ್ತದೆ. ಖರೀದಿಯ ನಿಯಮವೂ ಬಿಗಿಯಾಗಿದೆ. ಮೊದಲು ಪಿಸ್ತೂಲಿಗೆ ಮಾತ್ರ ಬೇಕಿದ್ದ ಲೈಸೆನ್ಸ್ ಮತ್ತು ಹಿನ್ನೆಲೆ ಪರಿಶೀಲನೆ ಈಗ ರೈಫಲ್‌ಗೂ ಬೇಕು.

ವೀಸಾದಲ್ಲಿ ಇರುವವರಿಗೆ ಒಂದು ಮಾತು. ಹೆಚ್-1ಬಿ, ಎಲ್-1, ಎಫ್-1 ಮುಂತಾದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇರುವಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಬಂದ ಮೇಲೆ ಆ ನಿರ್ಬಂಧ ಇರುವುದಿಲ್ಲ. ಸ್ನೇಹಿತ ಕೊಟ್ಟ, ಸುಮ್ನೆ ಇಟ್ಟುಕೊಂಡಿದ್ದೇನೆ ಅನ್ನುವುದು ದೊಡ್ಡ ತೊಂದರೆಗೆ ದಾರಿ.

ನಮ್ಮ ಮನೆಯಲ್ಲಿ ಬಂದೂಕೇ ಇಲ್ಲ, ಇದು ನಮಗೆ ಸಂಬಂಧಿಸಿದ್ದಲ್ಲ ಅಂತ ನಿಮ್ಮಲ್ಲಿ ಹೆಚ್ಚಿನವರು ಹೇಳುತ್ತೀರಿ. ಈ ಪತ್ರ ಹೆಚ್ಚಾಗಿ ನಿಮಗೇ. ನಿಮ್ಮ ಮಗು ನಿಮ್ಮ ಮನೆಯಲ್ಲೇ ಇರುವುದಿಲ್ಲ. ಸ್ಲೀಪ್‌ಓವರ್‌ಗೆ ಹೋಗುತ್ತದೆ, ಹುಟ್ಟುಹಬ್ಬಕ್ಕೆ ಹೋಗುತ್ತದೆ, ಪ್ರಾಜೆಕ್ಟ್ ಮಾಡಲು ಸಹಪಾಠಿಯ ಮನೆಗೆ ಹೋಗುತ್ತದೆ. ಕೇಕ್‌ನಲ್ಲಿ ಮೊಟ್ಟೆ ಇದೆಯಾ, ಮನೆಯಲ್ಲಿ ನಾಯಿ ಇದೆಯಾ ಅಂತ ನಾವು ಸಂಕೋಚ ಇಲ್ಲದೆ ಕೇಳುತ್ತೇವೆ. ಅದೇ ಉಸಿರಿನಲ್ಲಿ ಇದನ್ನೂ ಕೇಳಿ: ನಿಮ್ಮ ಮನೆಯಲ್ಲಿ ಬಂದೂಕು ಇದೆಯಾ, ಇದ್ದರೆ ಬೀಗ ಹಾಕಿದೆಯಾ? ಇಲ್ಲಿನ ಮಕ್ಕಳ ಡಾಕ್ಟರುಗಳೂ ಈ ಪ್ರಶ್ನೆ ಕೇಳಿ ಅಂತಲೇ ಹೇಳುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ. ತಪ್ಪು ತಿಳಿದರೂ ಚಿಂತೆ ಇಲ್ಲ, ಮಕ್ಕಳು ನಿಮ್ಮ ಮನೆಯಲ್ಲೇ ಆಡಲಿ.

ಬಂದೂಕು ಇಟ್ಟುಕೊಂಡವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನವೆಂಬರ್ 15ಕ್ಕೆ ಜಿಂಕೆ ಬೇಟೆಯ ಕಾಲ ಶುರುವಾದಾಗ ನಮ್ಮ ಅಕ್ಕಪಕ್ಕದ ಎಷ್ಟೋ ಮನೆಗಳಲ್ಲಿ ರೈಫಲ್ ಹೊರಗೆ ಬರುತ್ತದೆ. ಅಜ್ಜ ಮೊಮ್ಮಗನನ್ನು ಕಾಡಿಗೆ ಕರೆದೊಯ್ಯುವುದು ಅವರ ಸಂಪ್ರದಾಯ. ನಮ್ಮ ಶಾಲೆಯ ಕೊಡಗಿನ ಸಂಸಾರಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೋಕಿಗೆ, ಅಂದರೆ ಕೋವಿಗೆ, ಪೂಜೆ ಮಾಡುವ ಮನೆತನ ಅವರದ್ದು. ಭಾರತದಲ್ಲಿ ಬಂದೂಕಿಗೆ 1959ರ ಕಾನೂನಿನ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಅದರಿಂದ ವಿನಾಯಿತಿ ಇದೆ, ಈಗ 2029ರವರೆಗೆ ವಿಸ್ತರಣೆಯೂ ಆಗಿದೆ. ಆಯುಧವನ್ನು ಗೌರವಿಸುವವರು ಅದನ್ನು ಮಕ್ಕಳ ಕೈಗೆ ಸಿಗುವಂತೆ ಇಡುವುದಿಲ್ಲ. ಅಮೆರಿಕದ ಮನೆಗಳಿಂದಲೂ ನಾವು ಕೇಳುತ್ತಿರುವುದು ಅಷ್ಟೇ.

2020ರಲ್ಲಿ ಈ ದೇಶದ 1ರಿಂದ 19 ವರ್ಷದವರ ಸಾವಿಗೆ ಮೊದಲನೇ ಕಾರಣ ಬಂದೂಕಾಯಿತು. ರಸ್ತೆ ಅಪಘಾತವನ್ನೂ ಅದು ಹಿಂದೆ ಹಾಕಿತು. ಇದರಲ್ಲಿ ಶಾಲೆಯ ದಾಳಿಗಳದ್ದು ಬಹಳ ಸಣ್ಣ ಪಾಲು. ಜಗಳದಲ್ಲಿ ಹೋದವರು, ಆಟವಾಡುತ್ತಾ ಹೋದವರು, ತಾವೇ ಪ್ರಾಣ ಕಳೆದುಕೊಂಡವರು, ಎಲ್ಲರೂ ಇದರಲ್ಲಿ ಇದ್ದಾರೆ. ಶಾಲೆಗಳ ಮೇಲಿನ ದಾಳಿಗಳ ಬಗ್ಗೆ ಅಧ್ಯಕ್ಷರ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೀಕ್ರೆಟ್ ಸರ್ವಿಸ್ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬಂದೂಕು ಬಳಸಿದ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಅದನ್ನು ತಂದಿದ್ದು ತಂದೆ ತಾಯಿಯ ಅಥವಾ ಹತ್ತಿರದ ನೆಂಟರ ಮನೆಯಿಂದ. ಕಾನೂನು ಇನ್ನೂ ಬಿಗಿಯಾಗಬೇಕು ಅನ್ನುವುದು ನನ್ನ ದೃಢವಾದ ಅಭಿಪ್ರಾಯ. ಮತ ಹಾಕುವ ಹಕ್ಕು ಇರುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆದರೆ ಬೀರುವಿನ ಬೀಗ ಹಾಕಲು ಪೊಲೀಸರು ಬರುವುದಿಲ್ಲ. ಅದು ಮನೆಯವರೇ ಮಾಡಬೇಕಾದ ಕೆಲಸ.

ಇನ್ನು ಮಕ್ಕಳ ಮನಸ್ಸಿನ ವಿಷಯ. ನಮ್ಮ ಮನೆಗಳಲ್ಲಿ ಓದಿನ ಒತ್ತಡ ಜಾಸ್ತಿ ಅನ್ನುವುದನ್ನು ನಾವು ಒಪ್ಪಿಕೊಳ್ಳಬೇಕು. ಗ್ರೇಡ್, ಕಾಲೇಜು, ಅವರ ಮಗಳಿಗೆ ಅಲ್ಲಿ ಸೀಟು ಸಿಕ್ಕಿತಂತೆ ಅನ್ನುವ ಮಾತು. ಮಗು ಮಂಕಾಗಿದ್ದರೆ ಊಟ ಸರಿಯಾಗಿ ಮಾಡು, ಸರಿಹೋಗುತ್ತೆ ಅಂತೇವೆ. ಕೌನ್ಸೆಲರ್ ಹತ್ತಿರ ಹೋದರೆ ಜನ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯುತ್ತೇವೆ. ದಯವಿಟ್ಟು ಹಿಂಜರಿಯಬೇಡಿ. ಶಾಲೆಯಿಂದ ಫೋನ್ ಬಂದರೆ ಮೀಟಿಂಗ್ ಬಿಟ್ಟು ಹೋಗಿ. ಮಗುವನ್ನು ಮನೆಗೆ ಕರೆದುಕೊಂಡು ಬನ್ನಿ, ಪಕ್ಕದಲ್ಲಿ ಕೂತುಕೊಳ್ಳಿ. ಮನಸ್ಸಿನ ಸಂಕಟದಲ್ಲಿ ಇರುವವರ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಮೆಸೇಜ್ ಮಾಡಬಹುದು. ಸಹಪಾಠಿ ಯಾರಾದರೂ ಭಯ ಹುಟ್ಟಿಸುವ ಮಾತು ಆಡಿದರೆ ಮಕ್ಕಳೇ ಗುಟ್ಟಾಗಿ ತಿಳಿಸಲು ಮಿಷಿಗನ್‌ನಲ್ಲಿ ಓಕೆ-ಟು-ಸೇ ಅನ್ನುವ ವ್ಯವಸ್ಥೆ ಇದೆ. ಅದು ಚಾಡಿ ಹೇಳುವುದಲ್ಲ ಅಂತ ಅವರಿಗೆ ತಿಳಿಸಿ ಹೇಳಿ. ಹಾಗೆಯೇ, ತಮಾಷೆಗೆ ಕೂಡ ಗುಂಡು ಹಾಕ್ತೀನಿ ಅಂತ ಆನ್‌ಲೈನ್‌ನಲ್ಲಿ ಬರೆಯಬಾರದು. ಅದಕ್ಕೆ ಇಲ್ಲಿ ಕೇಸ್ ಆಗುತ್ತದೆ.

ಮುಂದಿನ ಭಾನುವಾರ ತರಗತಿ ಮುಗಿದ ಮೇಲೆ ಪೋಷಕರೆಲ್ಲ ಅರ್ಧ ಗಂಟೆ ಉಳಿದುಕೊಳ್ಳಬೇಕೆಂದು ಕೋರುತ್ತೇನೆ. ಮಕ್ಕಳು ಆಗ ಹಾಡಿನ ಅಭ್ಯಾಸದಲ್ಲಿ ಇರುತ್ತಾರೆ. ಊರಿಂದ ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಕರೆತನ್ನಿ, ಹಗಲು ಮಕ್ಕಳ ಜೊತೆ ಇರುವವರು ಅವರೇ ತಾನೇ. ಮನೆಯಲ್ಲಿ ಬಂದೂಕು ಇರುವವರು ಯಾವ ಅಳುಕೂ ಇಲ್ಲದೆ ಬನ್ನಿ, ಲಾಕ್ ಎಲ್ಲಿ ಪುಕ್ಕಟೆ ಸಿಗುತ್ತದೆ ಅನ್ನುವುದನ್ನು ತಿಳಿಸುತ್ತೇನೆ. ಬರಲು ಆಗದವರು ನನಗೆ ಫೋನ್ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ