ವಿರೋಧ ಪಕ್ಷದ ನಾಯಕಿಗೆ, ಅವ್ವನಿಂದ

ಹುಬ್ಬಳ್ಳಿ, ಬುಧವಾರ ರಾತ್ರಿ

ನನ್ನ ಪುಟ್ಟವ್ವಾ,

ಶಾಲಾ ಸಂಸತ್ತಿನ ಚುನಾವಣೆಯಲ್ಲಿ ನೀನು ಸೋತೆ. ಆಯ್ತು, ಸೋಲು ಸೋಲೇ. ಆದರೆ "ಸುಮ್ನೆ ಸಮಾಧಾನಕ್ಕೆ ವಿರೋಧ ಪಕ್ಷದ ನಾಯಕಿ ಅಂತ ಮಾಡಿದಾರವ್ವ, ಅದಕ್ಕೆ ಕೆಲಸಾನೇ ಇಲ್ಲ" ಅಂದೆಯಲ್ಲ, ಅದನ್ನು ಕೇಳಿ ನಿಮ್ಮಪ್ಪ ನಕ್ಕು ಸುಮ್ಮನಾದರು, ನನಗೆ ಸುಮ್ಮನಿರೋಕೆ ಆಗಲಿಲ್ಲ. ಫೋನಲ್ಲಿ ಹೇಳೋಣ ಅಂದ್ರೆ ಮಾತು ಶುರುವಾಗೋದರೊಳಗೆ ನಿಮ್ಮ ವಾರ್ಡನ್ ಸಾಕು ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ಸರ್ಕಾರ ಬೇರೆ, ವಿಧಾನಸಭೆ ಬೇರೆ. ನಮ್ಮ ವಿಧಾನಸಭೆಯಲ್ಲಿ 224 ಶಾಸಕರಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಅಂದರೆ 113 ಮಂದಿ, ಯಾರ ಹಿಂದೆ ನಿಲ್ಲುತ್ತಾರೋ ಅವರು ಮುಖ್ಯಮಂತ್ರಿ. ಮುಖ್ಯಮಂತ್ರಿ ಸೇರಿ ಮಂತ್ರಿಗಳು 34ಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಅವರೇ ಸರ್ಕಾರ. ಉಳಿದವರು ಆಳುವ ಪಕ್ಷದವರೇ ಆಗಿರಲಿ, ಎದುರಿನವರೇ ಆಗಿರಲಿ, ಸರ್ಕಾರವನ್ನು ಕೇಳೋಕೆ ಕೂತವರು. ಸದನ ಒಪ್ಪದೆ ಖಜಾನೆಯಿಂದ ದುಡ್ಡು ತೆಗೆಯೋ ಹಾಗಿಲ್ಲ, ಅದಕ್ಕೇ ವರ್ಷಾ ವರ್ಷಾ ಬಜೆಟ್ ಅಂತ ಅಷ್ಟು ಗದ್ದಲ. ಕೇಳೋದೇ ಕೆಲಸ ಅಂದ್ಮೇಲೆ ಕೇಳುವವರ ಮುಂದಾಳಿಗೆ ಕೆಲಸ ಇಲ್ಲ ಅಂದ್ರೆ ಹೇಗೆ?

ವಿಧಾನಸಭೆಯ ವಿರೋಧ ಪಕ್ಷದ ನಾಯಕರಿಗೆ ಸಂಪುಟ ದರ್ಜೆ ಮಂತ್ರಿಯ ಸ್ಥಾನಮಾನ ಇದೆ, ಗೊತ್ತಾ? ಸಂಬಳ ಕೊಡೋದು ಸರ್ಕಾರದ ಖಜಾನೆ, ಬೈಯೋದು ಸರ್ಕಾರವನ್ನೇ! ದಿಲ್ಲಿಯಲ್ಲಿ ಸರ್ಕಾರ ಮಾಡಿದ ಖರ್ಚನ್ನು ಜಾಲಾಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಂತ ಒಂದಿದೆ, 1967ರಿಂದ ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೇ ಕೊಡುತ್ತಾ ಬಂದಿದ್ದಾರೆ. ಖರ್ಚು ಮಾಡಿದವರೇ ಲೆಕ್ಕ ನೋಡಿದರೆ ತಪ್ಪು ಹೊರಗೆ ಬರುತ್ತಾ?

ಈಗ ನಮ್ಮ ಕಡೆಯದೇ ಒಂದು ಕಥೆ. ಎಸ್.ಆರ್. ಬೊಮ್ಮಾಯಿಯವರು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರು, 1988ರಲ್ಲಿ ಮುಖ್ಯಮಂತ್ರಿ ಆದರು. ಮರುವರ್ಷ ಏಪ್ರಿಲ್‌ನಲ್ಲಿ ಅವರಿಗೆ ಬಹುಮತ ಇಲ್ಲ ಅಂತ ರಾಜ್ಯಪಾಲರು ದಿಲ್ಲಿಗೆ ವರದಿ ಕಳಿಸಿದರು. ಸದನದಲ್ಲೇ ಸಾಬೀತು ಮಾಡ್ತೀನಿ, ಅವಕಾಶ ಕೊಡಿ ಅಂತ ಬೊಮ್ಮಾಯಿ ಕೇಳಿದರು. ಕೊಡಲಿಲ್ಲ. ಸರ್ಕಾರ ವಜಾ ಆಯಿತು. ಅವರು ಕೋರ್ಟಿಗೆ ಹೋದರು, 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಅನ್ನೋದನ್ನು ಅಳೆಯಬೇಕಾದ್ದು ಸದನದಲ್ಲಿ, ರಾಜಭವನದ ಕೋಣೆಯಲ್ಲಿ ಅಲ್ಲ. ಅವರ ಕುರ್ಚಿ ಏನೂ ವಾಪಸ್ ಬರಲಿಲ್ಲ ಬಿಡು, ಆಗಲೇ 5 ವರ್ಷ ಕಳೆದಿತ್ತು. ಆದರೆ ಇವತ್ತಿಗೂ ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ವಕೀಲರು ಮೊದಲು ಎತ್ತೋದು ನಮ್ಮ ಬೊಮ್ಮಾಯಿಯವರ ಹೆಸರನ್ನೇ. ಹಾಗೆ ಎದುರೆದುರೇ ಎಣಿಸಿದಾಗ ಏನೇನಾಗುತ್ತೆ ಅನ್ನೋದಕ್ಕೆ 1999ರ ಏಪ್ರಿಲ್ 17 ನೋಡು. ಲೋಕಸಭೆಯಲ್ಲಿ ವಾಜಪೇಯಿ ಸರ್ಕಾರದ ಪರ 269, ವಿರುದ್ಧ 270. ಒಂದೇ ಒಂದು ಮತ, ಸರ್ಕಾರ ಬಿತ್ತು!

ಸರ್ಕಾರ ಬೀಳೋದೇನು ದಿನಾ ನಡೆಯಲ್ಲ. ದಿನಾ ನಡೆಯೋದು ಪ್ರಶ್ನೋತ್ತರ. ಟಿವಿಯಲ್ಲಿ ತೋರಿಸೋದು ಮಾತ್ರ ಸದನದ ಬಾವಿಗಿಳಿದು, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ನುಗ್ಗಿ, ಕೂಗಾಡೋದು, ಸಭಾತ್ಯಾಗ ಮಾಡೋದು, ಅದನ್ನು ನೋಡಿ ನೋಡಿ ನನಗೂ ಬೇಜಾರಾಗಿದೆ. ನೀನು ಅದನ್ನು ಕಲಿಯಬೇಡ. ಪ್ರಶ್ನೆ ಕೇಳೋದನ್ನು ಕಲಿ. ಚುಕ್ಕೆ ಗುರುತಿನ ಪ್ರಶ್ನೆ ಅಂತ ಇರುತ್ತೆ, ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆನೂ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೆದು ಕೊಟ್ಟರೆ ಸಾಕು. ಸಾಮಾನ್ಯವಾಗಿ ಪ್ರಶ್ನೆ ಹೀಗಿರುತ್ತೆ: "(ಅ) ಇಂಥ ಊರಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಇಷ್ಟಕ್ಕೇ ನಿಲ್ಲಿಸಿದರೆ "ಬಂದಿದೆ" ಮತ್ತು "ಪರಿಶೀಲನೆಯಲ್ಲಿದೆ" ಅಂತ ಹೇಳಿ ಮಂತ್ರಿ ಜಾರಿಕೊಳ್ಳಬಹುದು. ಜಾಣರು ಮುಂದೆ ಹೋಗುತ್ತಾರೆ. ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಟ್ಟಿದ್ದೀರಿ, ಎಷ್ಟು ದುಡ್ಡು ಬಿಡುಗಡೆ ಆಗಿತ್ತು, ಎಷ್ಟು ಖರ್ಚಾಯಿತು, ಕೆಲಸ ಯಾವ ತಿಂಗಳು ಮುಗಿಯುತ್ತೆ. ಮಲಪ್ರಭಾ ನೀರಿಗೆ ಕೊಡ ಸಾಲು ಹಚ್ಚಿ ಕಾಯೋ ನಮ್ಮಂಥವರಿಗೆ ಬೇಕಾದ ಉತ್ತರ ಅದೇ ಅಲ್ವಾ?

ಹಾಗೇ ನಿನ್ನ ಹಾಸ್ಟೆಲಿನ ನಳದ ವಿಷಯವನ್ನೂ ಕೇಳು. "ನಳ ಕೆಟ್ಟಿದೆ" ಅಂತ ನಿಮ್ಮ ಶಾಲಾ ಸಂಸತ್ತಿನ ನೀರಾವರಿ ಮಂತ್ರಿಯ ಮೇಲೆ ರೇಗಬೇಡ, ಪಾಪ ಆ ಹುಡುಗಿ ಒಂಬತ್ತನೇ ಕ್ಲಾಸು. ಎಷ್ಟು ನಳ ಇವೆ, ಎಷ್ಟು ಕೆಟ್ಟಿವೆ, ಯಾವತ್ತು ದೂರು ಕೊಟ್ಟಿರಿ, ಯಾರಿಗೆ ಕೊಟ್ಟಿರಿ ಅಂತ ಬರೆದು ಕೇಳು, ಉತ್ತರಾನೂ ಬರೆದೇ ತಗೋ. ಅವಳು ಒಳ್ಳೆ ಕೆಲಸ ಮಾಡಿದರೆ ಚೆನ್ನಾಗಿದೆ ಅನ್ನೋಕೂ ಹಿಂಜರಿಯಬೇಡ, ವಿರೋಧ ಪಕ್ಷ ಅಂದ್ರೆ ಎಲ್ಲದಕ್ಕೂ ಬೇಡ ಬೇಡ ಅನ್ನೋದಲ್ಲ.

ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದರೆ ಗ್ಯಾಲರಿ ಪಾಸಿಗೆ ಪ್ರಯತ್ನ ಮಾಡ್ತೀನಿ, ನಿಮ್ಮಪ್ಪನ ರಜೆ ನೋಡಿಕೊಂಡು. ಭಾನುವಾರ ಮಾಮಾ ಗದಗಕ್ಕೆ ಬರ್ತಾನೆ, ಅವನ ಕೈಲಿ ಶೇಂಗಾ ಹೋಳಿಗೆ ಕಳಿಸ್ತೀನಿ. ನಿನ್ನ ಮೊದಲ ಪ್ರಶ್ನೆ ಬರೆದು ಅವನ ಹತ್ತಿರವೇ ಕೊಟ್ಟು ಕಳಿಸು, ನೋಡ್ತೀನಿ.

ನಿನ್ನ ಅವ್ವ