ತಪ್ಪೆಲ್ಲ ಹೆಲೆನ್ ತಲೆಗೇ ಯಾಕೆ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಗ್ರೀಕರ ‘ಇಲಿಯಡ್’ ಬಗ್ಗೆ ಬಂದ ಲೇಖನ ಓದಿದೆ. ಗ್ರೀಕ್ ದೊರೆ ಮೆನೆಲಾಸನ ಹೆಂಡತಿ ಹೆಲೆನ್ ಟ್ರಾಯ್ ರಾಜಕುಮಾರನ ಜೊತೆ ಹೋದಳು, ಗ್ರೀಕರು ಟ್ರಾಯ್ ಮೇಲೆ ಯುದ್ಧಕ್ಕೆ ಬಂದರು, ಎಲ್ಲದಕ್ಕೂ ಅವಳೇ ಕಾರಣ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ವರ್ಷಗಟ್ಟಲೆ ಮಕ್ಕಳಿಗೆ ಈ ಕಥೆ ಹೇಳಿದವಳು ನಾನು. ಓದಿ ಬೇಜಾರಾಯಿತು.

ಮೂರನೇ ಭಾಗದಲ್ಲಿ ಟ್ರಾಯ್ ಕೋಟೆಯ ಮೇಲೆ ಮುದಿ ದೊರೆ ಪ್ರಿಯಾಮ್ ಹೆಲೆನ್‌ಳನ್ನು ಹತ್ತಿರ ಕರೆದು, ತಪ್ಪು ನಿನ್ನದಲ್ಲ, ದೇವತೆಗಳದ್ದು ಎನ್ನುತ್ತಾನೆ. ಅವಳು ಮಾತ್ರ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ.

ಇನ್ನು ಕಾವ್ಯ ಶುರುವಾಗುವುದೇ ಬೇರೆ ಜಗಳದಿಂದ. ಅದೂ ಒಂದೇ ಗ್ರೀಕ್ ಪಾಳೆಯದ ಇಬ್ಬರ ನಡುವೆ, ಸೇನೆಯ ಮುಖ್ಯಸ್ಥ ದೊರೆ ಅಗಮೆಮ್ನಾನ್ ಮತ್ತು ಮಹಾವೀರ ಅಕಿಲೀಸ್. ಅಪೋಲೊ ದೇವರ ಪೂಜಾರಿ ಕ್ರೈಸಿಸ್, ಅಗಮೆಮ್ನಾನನ ಸೆರೆಯಲ್ಲಿದ್ದ ಮಗಳನ್ನು ಬಿಡಿಸಿಕೊಳ್ಳಲು ಬರುತ್ತಾನೆ, ಅಗಮೆಮ್ನಾನ್ ಅವನನ್ನು ಗದರಿಸಿ ಓಡಿಸುತ್ತಾನೆ. ಪೂಜಾರಿಯ ಮೊರೆ ಕೇಳಿ ಅಪೋಲೊ ಕಳಿಸಿದ ರೋಗದಿಂದ ಒಂಬತ್ತು ದಿನ ಪಾಳೆಯದಲ್ಲಿ ಸಾವು. ಹತ್ತನೇ ದಿನ ಅಕಿಲೀಸ್ ಸಭೆ ಕರೆದಾಗ ಕಾರಣ ಬಯಲಾಗುತ್ತದೆ. ಆದರೂ ದೊರೆ ತಗ್ಗುವುದಿಲ್ಲ. ಆ ಹುಡುಗಿಯನ್ನು ಬಿಟ್ಟರೂ ಅದಕ್ಕೆ ಬದಲಾಗಿ ಅಕಿಲೀಸನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರೈಸಿಸ್‌ಳನ್ನು ಎಳೆದುಕೊಳ್ಳುತ್ತಾನೆ.

ಅಕಿಲೀಸ್ ಸಿಟ್ಟಿನಿಂದ ಯುದ್ಧ ಬಿಟ್ಟು ಕೂರುತ್ತಾನೆ. ಹತ್ತೊಂಬತ್ತನೇ ಭಾಗದ ಹೊತ್ತಿಗೆ ಅವನ ಪ್ರಾಣಸ್ನೇಹಿತ ಪೆಟ್ರೋಕ್ಲಸ್ ಸತ್ತಿದ್ದಾನೆ, ಸೈನ್ಯ ನಲುಗಿದೆ. ಆಗ ಅದೇ ಅಗಮೆಮ್ನಾನ್, ‘ನಾನು ಕಾರಣನಲ್ಲ, ದೇವರಾಜ ಜ್ಯೂಸ್ ನನ್ನ ಬುದ್ಧಿ ಕೆಡಿಸಿದ’ ಎಂದು ಸಭೆಯ ಎದುರು ಹೇಳುತ್ತಾನೆ. ಆದರೆ ಕೈತೊಳೆದುಕೊಂಡು ಹೋಗುವುದಿಲ್ಲ. ಅಕಿಲೀಸನಿಗೆ ಏಳು ಮುಕ್ಕಾಲಿ ಪಾತ್ರೆ, ಹನ್ನೆರಡು ಕುದುರೆ, ಹತ್ತು ತಲಾಂತು (ಹಳೆಯ ಗ್ರೀಕ್ ತೂಕ) ಚಿನ್ನ ಕೊಡುತ್ತಾನೆ, ಬ್ರೈಸಿಸ್‌ಳನ್ನೂ ಹಿಂತಿರುಗಿಸುತ್ತಾನೆ. ಬುದ್ಧಿ ಕೆಡಿಸಿದವನು ದೇವರಾದರೂ ನಷ್ಟ ತುಂಬುವವನು ತಾನೇ, ಅಲ್ವಾ? ಪಾಠ ಮಾಡುವಾಗ ನಾನು ಜಾಸ್ತಿ ಹೊತ್ತು ನಿಲ್ಲುತ್ತಿದ್ದುದು ಇಲ್ಲಿಯೇ.

ಮತ್ತೆ ಇಪ್ಪತ್ತಮೂರನೇ ಭಾಗದಲ್ಲಿ. ಪೆಟ್ರೋಕ್ಲಸನ ನೆನಪಿಗೆ ನಡೆದ ರಥದ ಪಂದ್ಯದಲ್ಲಿ, ದಾರಿ ಇಕ್ಕಟ್ಟಾದ ಕಡೆ ಹಿರಿಯ ದೊರೆ ನೆಸ್ಟರನ ಮಗ ಆಂಟಿಲೋಕಸ್ ನುಗ್ಗಿ ಮೆನೆಲಾಸನನ್ನು ಹಿಂದೆ ಹಾಕುತ್ತಾನೆ. ಮೆನೆಲಾಸ್ ಸಿಟ್ಟಾಗಿ, ಮೋಸ ಮಾಡಿಲ್ಲ ಎಂದು ಕುದುರೆಗಳ ಮೇಲೆ ಕೈಯಿಟ್ಟು ಸಮುದ್ರದೇವ ಪೊಸೈಡಾನನ ಹೆಸರಿನಲ್ಲಿ ಆಣೆ ಮಾಡು ಎನ್ನುತ್ತಾನೆ. ಹುಡುಗ ಆಣೆ ಮಾಡುವುದಿಲ್ಲ, ಯಾವ ದೇವರನ್ನೂ ದೂರುವುದಿಲ್ಲ. ನಾನು ಚಿಕ್ಕವನು, ಈ ವಯಸ್ಸಿನ ಬುದ್ಧಿ ದುಡುಕು ಎಂದು ಹೇಳಿ ಬಹುಮಾನದ ಕುದುರೆಯನ್ನು ಕೊಟ್ಟುಬಿಡುತ್ತಾನೆ. ಪೈರಿನ ಮೇಲೆ ಇಬ್ಬನಿ ಬಿದ್ದ ಹಾಗೆ ಮೆನೆಲಾಸನ ಮನಸ್ಸು ಹದಗೊಳ್ಳುತ್ತದೆ. ಕುದುರೆಯನ್ನು ಹುಡುಗನಿಗೇ ಬಿಟ್ಟುಕೊಡುತ್ತಾನೆ.

ಮುಂದಿನ ಪುರವಣಿಯಲ್ಲಿ ಈ ಭಾಗಕ್ಕೆ ಸ್ವಲ್ಪ ಜಾಗ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

— ಒಬ್ಬ ನಿವೃತ್ತ ಶಿಕ್ಷಕಿ